ವೈರದ ನೆಲದಲ್ಲಿ ಬೆಳಕಿನ ಬಳೆ

(ಬಾನುಲಿ ಭಾಷಣ)

ಒಂದು ಯಂತ್ರದ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಆಯುಷ್ಯದ ಬಹುಭಾಗವನ್ನು ಪಂಪ ಕುಮಾರವ್ಯಾಸರ ಸಂಗಡ ಕಳೆದ ಕನ್ನಡ ಮೇಷ್ಟರಿಗೆ ಯಂತ್ರದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಕತೆಯಲ್ಲಿ ಕಬ್ಬಿಣ ತಾಮ್ರಗಳಿಗಿಂತ ಮನುಷ್ಯರೇ ಹೆಚ್ಚಾಗಿದ್ದಾರೆ. ತಮ್ಮ ತಮ್ಮ ಸರ್ಕಾರಗಳು ಪರಸ್ಪರರ ಅಸ್ತಿತ್ವವನ್ನೇ ಒಪ್ಪದಿರುವಾಗ, ಆ ದೇಶಗಳ ಕೆಲವರು ಒಂದೇ ಮೇಜಿನ ಸುತ್ತ ಕುಳಿತು, ವಾದಿಸಿ, ಬೇಸರಪಟ್ಟು, ಆದರೂ ಎದ್ದುಹೋಗದೆ, ಇಪ್ಪತ್ತು ವರ್ಷಗಳ ಕಾಲ ಹಿಡಿದ ಕೆಲಸವನ್ನು ಮುಗಿಸಿದ ಕತೆ ಇದು. ಉದ್ಯೋಗಪರ್ವವನ್ನು ಓದಿದವರಿಗೆ ಸಂಧಾನವೆಂಬುದು ಎಷ್ಟು ಕಷ್ಟದ ಕಾರ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಯಂತ್ರದ ಹೆಸರು ಸೆಸಮಿ. ಅದು ಇರುವುದು ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನಿನಿಂದ ವಾಯವ್ಯಕ್ಕೆ ಸುಮಾರು 35 ಕಿಲೊಮೀಟರ್ ದೂರದ ಅಲ್ಲಾನ್ ಎಂಬ ಊರಿನಲ್ಲಿ. ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಈ ಪದವನ್ನು ಮಾಡಿದ್ದಾರೆ. ಮಧ್ಯಪ್ರಾಚ್ಯದಲ್ಲಿ ಪ್ರಯೋಗವಿಜ್ಞಾನಕ್ಕೂ ಅದರ ಅನ್ವಯಗಳಿಗೂ ಬಳಸುವ ಸಿಂಕ್ರೊಟ್ರಾನ್ ಬೆಳಕು ಎಂಬುದು ಅದರ ತಾತ್ಪರ್ಯ. ಮಧ್ಯಪ್ರಾಚ್ಯವೆಂಬುದು ಲಂಡನ್ನಿನಲ್ಲಿ ನಿಂತು ನೋಡಿದವರು ಇಟ್ಟ ಹೆಸರು. ನಮ್ಮ ಅಂಗಳದಿಂದ ನೋಡಿದರೆ ಅದು ಪಡುವಣ ಸೀಮೆ. ಇರಲಿ. ಸೆಸಮಿ ಎಂದರೆ ಎಳ್ಳು. ಅಲಿಬಾಬನ ಕತೆಯಲ್ಲಿ ಗುಹೆಯ ಬಾಗಿಲು ತೆರೆದದ್ದು ಈ ಮಾತಿಗೇ ಎಂಬುದು ಹೆಸರಿಟ್ಟವರ ಮನಸ್ಸಿನಲ್ಲಿತ್ತು. ಸಂಕ್ರಾಂತಿಯ ದಿನ ನಮ್ಮ ಕಡೆ, ವರ್ಷವೆಲ್ಲ ಮಾತು ಬಿಟ್ಟವರೂ ಎಳ್ಳು ಬೀರಿ ಮಾತನಾಡಿಸುವ ವಾಡಿಕೆಯುಂಟು. ಇದು ಅವರಿಗೆ ಗೊತ್ತಿರಲಾರದು. ಗೊತ್ತಿಲ್ಲದೆಯೇ ಹೆಸರು ಒಪ್ಪಿಬಿಟ್ಟಿದೆ.

ಸಿಂಕ್ರೊಟ್ರಾನ್ ಬೆಳಕೆಂದರೇನು ಎಂಬುದನ್ನು ಮೊದಲು ಸ್ಥೂಲವಾಗಿ ತಿಳಿಯೋಣ. ಮಳೆಯಲ್ಲಿ ನೆನೆದ ಕೊಡೆಯನ್ನು ಗರಗರನೆ ತಿರುಗಿಸಿದರೆ ಅಂಚಿನಿಂದ ಹನಿಗಳು ಸಿಡಿಯುತ್ತವೆ. ಎಲೆಕ್ಟ್ರಾನುಗಳೆಂಬ ಸೂಕ್ಷ್ಮ ವಿದ್ಯುತ್ಕಣಗಳನ್ನು ಬೆಳಕಿನ ವೇಗಕ್ಕೆ ತೀರ ಸಮೀಪವಾದ ವೇಗದಲ್ಲಿ ಬಳೆಯಾಕಾರದ ಕೊಳವೆಯೊಳಗೆ ಓಡಿಸಿ, ಕಾಂತಗಳ ಬಲದಿಂದ ಅವುಗಳ ದಾರಿಯನ್ನು ಬಾಗಿಸಿದಾಗ, ಅವು ಬೆಳಕನ್ನು ಹಾಗೆಯೇ ಸಿಡಿಸುತ್ತವೆ. ಕೊಳವೆಯೊಳಗೆ ಗಾಳಿಯೂ ಇರಬಾರದು. ಇದ್ದರೆ ಕಣಗಳು ಡಿಕ್ಕಿ ಹೊಡೆದು ಚೆದರಿಹೋಗುತ್ತವೆ. ಅವು ಸೂಸುವ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣದಿಂದ ಕ್ಷಕಿರಣದವರೆಗೆ ಎಲ್ಲ ಬಗೆಯೂ ಇರುತ್ತದೆ. ಅದರ ಪ್ರಖರತೆ ಆಸ್ಪತ್ರೆಯ ಕ್ಷಕಿರಣ ಯಂತ್ರದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಮೆರಿಕದ ಸ್ಕೆನೆಕ್ಟಡಿ ಎಂಬಲ್ಲಿ 1947ರಲ್ಲಿ ಈ ಬೆಳಕನ್ನು ಮೊದಲು ಕಂಡಾಗ ಅದನ್ನು ಶಕ್ತಿಯ ಸೋರಿಕೆ ಎಂದೇ ಎಣಿಸಿದ್ದರು. ಆಮೇಲೆ ಆ ಸೋರಿಕೆಯೇ ಸಂಪತ್ತಾಯಿತು. ರೋಗಾಣುವಿನ ಪ್ರೋಟೀನಿನ ರಚನೆ, ಮಣ್ಣಿನಲ್ಲಿ ಬೆರೆತ ವಿಷಲೋಹ, ಸಾವಿರಾರು ವರ್ಷ ಹಳೆಯ ಎಲುಬು, ಚರ್ಮದ ಹಾಳೆಯ ಮೇಲಿನ ಮಸಿ, ಇವೆಲ್ಲದರ ಒಳಗುಟ್ಟು ಈ ಬೆಳಕಿನಲ್ಲಿ ತೆರೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿಯೂ ಇಂಥ ಯಂತ್ರಗಳಿವೆ. ಇಂದೋರಿನಲ್ಲಿ 1999ರಲ್ಲಿ ಇಂಡಸ್-1, 2005ರಲ್ಲಿ ಇಂಡಸ್-2 ಕೆಲಸ ಆರಂಭಿಸಿದವು. ಅವು ಇರುವ ಕೇಂದ್ರಕ್ಕೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರನ್ನು ಇಟ್ಟಿದ್ದಾರೆ. ಇಂಡಸ್-2ರ ಶಕ್ತಿ 250 ಕೋಟಿ ಎಲೆಕ್ಟ್ರಾನ್ ವೋಲ್ಟು, ಸೆಸಮಿಯದೂ ಅಷ್ಟೇ. ವ್ಯತ್ಯಾಸ ಬೇರೆ ಕಡೆ ಇದೆ. ಇಂದೋರಿನ ಯಂತ್ರವನ್ನು ಒಂದು ದೇಶ ತನ್ನ ಬೊಕ್ಕಸದಿಂದ, ತನ್ನ ಜನರಿಂದ ಕಟ್ಟಿಸಿತು. ಅಲ್ಲಾನಿನ ಯಂತ್ರವನ್ನು ಒಬ್ಬರೇ ಕಟ್ಟುವಷ್ಟು ಹಣವಾಗಲಿ ಪರಿಣತರಾಗಲಿ ಆ ಸೀಮೆಯ ಅನೇಕ ದೇಶಗಳಿಗೆ ಇರಲಿಲ್ಲ. ಕೂಡಿ ಕಟ್ಟೋಣವೆಂದರೆ ಕೂಡಲು ಮನಸ್ಸಿರಲಿಲ್ಲ.

ಹಾಗೆ ನೋಡಿದರೆ ಬೆಳಕಿನ ಶಾಸ್ತ್ರ ಆ ನೆಲಕ್ಕೆ ಹೊಸದಲ್ಲ. ಬಸ್ರಾ ಪಟ್ಟಣದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್ ಎಂಬ ಪಂಡಿತ 11ನೆಯ ಶತಮಾನದ ಆದಿಯಲ್ಲಿ ದೃಷ್ಟಿ ಮತ್ತು ಬೆಳಕುಗಳನ್ನು ಕುರಿತು ಏಳು ಭಾಗಗಳ ಗ್ರಂಥವೊಂದನ್ನು ಅರಬ್ಬಿಯಲ್ಲಿ ಬರೆದ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂಬ ಹಳೆಯ ಮತವನ್ನು ತಳ್ಳಿಹಾಕಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ಪ್ರಯೋಗಗಳ ಮೂಲಕ ವಾದಿಸಿದವನು ಅವನು. ಆ ಗ್ರಂಥ ಲ್ಯಾಟಿನ್ನಿಗೆ ಪರಿವರ್ತನೆಗೊಂಡು ಯೂರೋಪಿನ ವಿದ್ವಾಂಸರಿಗೆ ಶತಮಾನಗಳ ಕಾಲ ಪಾಠವಾಯಿತು. ಅದೇ ಸೀಮೆಯ ಮಕ್ಕಳು ಇಪ್ಪತ್ತನೆಯ ಶತಮಾನದಲ್ಲಿ ಅದೇ ಶಾಸ್ತ್ರದ ಪ್ರಯೋಗಕ್ಕಾಗಿ ಯೂರೋಪಿಗೆ ವಿಮಾನ ಹತ್ತಬೇಕಾಯಿತು. ಹೋದವರಲ್ಲಿ ಹಿಂದಿರುಗಿ ಬಂದವರು ಎಷ್ಟು ಮಂದಿ?

ಈ ನೋವನ್ನು ಸ್ವತಃ ಉಂಡವರು ಅಬ್ದುಸ್ ಸಲಾಂ. ಕೇಂಬ್ರಿಜ್ಜಿನಲ್ಲಿ ಓದಿ 1951ರಲ್ಲಿ ಲಾಹೋರಿಗೆ ಮರಳಿದ ಅವರು, ಹೊಸ ಗ್ರಂಥಗಳಿಲ್ಲದೆ, ಜೊತೆಗೆ ಚರ್ಚಿಸುವವರಿಲ್ಲದೆ ಮೂರು ವರ್ಷ ತೊಳಲಿ 1954ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದರು. ವಿಜ್ಞಾನವೋ ದೇಶವೋ ಎಂಬ ಇಕ್ಕಟ್ಟಿಗೆ ತನ್ನಂತೆ ಬೇರೆಯವರು ಸಿಲುಕಬಾರದೆಂದು 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಬಡದೇಶಗಳ ವಿಜ್ಞಾನಿಗಳಿಗಾಗಿ ಒಂದು ಕೇಂದ್ರವನ್ನು ತೆರೆದರು. 1979ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮೇಲೆ, 1980ರ ದಶಕದ ಆರಂಭದಲ್ಲಿ, ಆ ಸೀಮೆಗೆ ಒಂದು ಅಂತರರಾಷ್ಟ್ರೀಯ ಸಿಂಕ್ರೊಟ್ರಾನ್ ಬೇಕೆಂದು ಮೊದಲು ಹೇಳಿದವರೂ ಅವರೇ. ಮಾತು ಆಗ ಫಲಿಸಲಿಲ್ಲ. 1996ರಲ್ಲಿ ಅವರು ತೀರಿಕೊಂಡಾಗ ಅದು ಇನ್ನೂ ಬರಿಯ ಮಾತಾಗಿಯೇ ಇತ್ತು.

ಬೀಜ ನೆಲಕ್ಕೆ ಬಿದ್ದದ್ದು ಬೇರೆ ದಾರಿಯಿಂದ. 1993ರಲ್ಲಿ ಇಸ್ರೇಲಿಗೂ ಪ್ಯಾಲೆಸ್ತೀನಿಯರಿಗೂ ಓಸ್ಲೋ ಒಪ್ಪಂದವಾದಾಗ ಜಗತ್ತಿನಲ್ಲಿ ಆಸೆ ಚಿಗುರಿತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಇಟಲಿಯ ಭೌತವಿಜ್ಞಾನಿ ಸೆರ್ಜಿಯೊ ಫೂಬಿನಿ, ಜೆರುಸಲೇಮಿನ ಎಲಿಯೆಜರ್ ರಬಿನೋವಿಚಿ ಮೊದಲಾದವರನ್ನು ಕೂಡಿಕೊಂಡು, ಅರಬ್ ಮತ್ತು ಇಸ್ರೇಲಿ ವಿಜ್ಞಾನಿಗಳು ಒಟ್ಟಿಗೆ ಕೆಲಸ ಮಾಡುವಂತಾಗಲೆಂದು ಒಂದು ಕೂಟವನ್ನು ಏರ್ಪಡಿಸಿದರು. 1995ರ ನವೆಂಬರಿನಲ್ಲಿ ಈಜಿಪ್ಟಿನ ಸಿನಾಯ್ ಕರಾವಳಿಯ ದಹಬ್ ಎಂಬಲ್ಲಿ, ದೊಡ್ಡದೊಂದು ಬೆದುಯಿನ್ ಗುಡಾರದೊಳಗೆ ಅವರ ಸಭೆ ಸೇರಿತು. ಸಭೆಗೆ ಎರಡೇ ವಾರ ಮುಂಚೆ, ನವೆಂಬರ್ 4ರಂದು, ಶಾಂತಿಗಾಗಿ ದುಡಿದ ಇಸ್ರೇಲಿನ ಪ್ರಧಾನಿ ಯಿತ್ಸಾಕ್ ರಬಿನ್ ಅವರನ್ನು ಅವರದೇ ಮತದ ಯುವಕನೊಬ್ಬ ಗುಂಡಿಟ್ಟು ಕೊಂದಿದ್ದ. ಗುಡಾರದಲ್ಲಿ ಸೇರಿದ್ದ ಅರಬ್ಬರೂ ಯೆಹೂದಿಗಳೂ ಎದ್ದು ನಿಂತು ಮೌನವಾಗಿ ಗೌರವ ಸಲ್ಲಿಸಿದರು. ಸಭೆ ನಡೆಯುತ್ತಿದ್ದಾಗಲೇ ಆ ಕರಾವಳಿಯಲ್ಲಿ ಪ್ರಬಲ ಭೂಕಂಪವೂ ಆಯಿತು. ನೆಲವೇ ನಡುಗುವ ಜಾಗದಲ್ಲಿ ಮನೆ ಕಟ್ಟಹೊರಟವರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿರಲಿಲ್ಲ.

ಕೂಟವೇನೋ ಆಯಿತು, ಆದರೆ ಕೂಡಿ ಮಾಡುವುದೇನನ್ನು? ಉತ್ತರ ಬರ್ಲಿನ್ನಿನಿಂದ ಬಂತು. ಪಶ್ಚಿಮ ಬರ್ಲಿನ್ನಿನಲ್ಲಿ 1982ರಿಂದ ದುಡಿಯುತ್ತಿದ್ದ ಬೆಸಿ ಎಂಬ ಸಿಂಕ್ರೊಟ್ರಾನ್ ಹಳೆಯದಾಗಿತ್ತು. ಗೋಡೆ ಬಿದ್ದು ಊರು ಒಂದಾದ ಮೇಲೆ, ಹಿಂದೆ ಪೂರ್ವ ಬರ್ಲಿನ್ ಆಗಿದ್ದ ಭಾಗದಲ್ಲಿ ಹೊಸ ಯಂತ್ರವೊಂದು ಏಳುತ್ತಿತ್ತು. ಹಳೆಯದನ್ನು ಗುಜರಿಗೆ ಹಾಕುವ ಬದಲು ಪಶ್ಚಿಮ ಏಷ್ಯಕ್ಕೆ ಏಕೆ ಕೊಡಬಾರದು ಎಂದು 1997ರಲ್ಲಿ ಸೂಚಿಸಿದವರು ಅಮೆರಿಕದ ಹರ್ಮನ್ ವಿನಿಕ್ ಮತ್ತು ಜರ್ಮನಿಯ ಗುಸ್ತಾಫ್ ಅಡಾಲ್ಫ್ ಫೋಸ್. ಫೂಬಿನಿಯವರ ಕೂಟ ಇದನ್ನು ಕೈಗೆತ್ತಿಕೊಂಡಿತು. ಸ್ವೀಡನ್ನಿನ ಟೋರ್ಡ್ ಎಕೆಲೊಫ್ ಜೊತೆಗೂಡಿದರು. ಕೇಳುವವರು ಸರಿಯಾದ ರೀತಿಯಲ್ಲಿ ಕೇಳಿದರೆ, ಬಿಚ್ಚಿ ಸಾಗಿಸುವ ವೆಚ್ಚವನ್ನು ಹೊತ್ತರೆ, ಯಂತ್ರವನ್ನು ದಾನವಾಗಿ ಕೊಡುವುದಾಗಿ ಜರ್ಮನ್ ಸರ್ಕಾರ ಒಪ್ಪಿತು. ಗೋಡೆ ಎದ್ದಿದ್ದ ಊರಿನ ಯಂತ್ರ ಗೋಡೆಗಳಿರುವ ಸೀಮೆಗೆ ಹೊರಟಿತು.

ಸರಿಯಾದ ರೀತಿಯಲ್ಲಿ ಕೇಳಬಲ್ಲವರೊಬ್ಬರು ಬೇಕಾಗಿತ್ತು. ಅವರು ಹರ್ವಿಗ್ ಶೋಪ್ಪರ್. 1924ರಲ್ಲಿ ಬೊಹೀಮಿಯದ ಜರ್ಮನ್ ಭಾಷಿಕ ಮನೆಯೊಂದರಲ್ಲಿ ಹುಟ್ಟಿದ ಇವರು ಯೌವನದಲ್ಲಿ ಯುದ್ಧವನ್ನು ಕಂಡವರು. ಯುದ್ಧ ಮುಗಿದ ಮೇಲೆ, ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಹೋಗಿದ್ದ ಯೆಹೂದಿ ಮೂಲದ ವಿಜ್ಞಾನಿ ಲೀಸ ಮೈಟ್ನರ್ ಅವರ ಬಳಿ ಸ್ಟಾಕ್‌ಹೋಮಿನಲ್ಲಿ ಕೆಲಸ ಕಲಿತವರು. 1981ರಿಂದ 1988ರವರೆಗೆ ಸರ್ನಿನ ಮಹಾನಿರ್ದೇಶಕರಾಗಿದ್ದರು. ಸರ್ನ್ ಹುಟ್ಟಿದ ಬಗೆಯೇ ಇಲ್ಲಿ ಮುಖ್ಯವಾದ ನಿದರ್ಶನ. ಹತ್ತು ವರ್ಷ ಹಿಂದೆ ಒಬ್ಬರ ಊರನ್ನೊಬ್ಬರು ಸುಟ್ಟಿದ್ದ ದೇಶಗಳು 1954ರಲ್ಲಿ ಯುನೆಸ್ಕೋದ ನೆರಳಿನಲ್ಲಿ ಕೂಡಿ ಆ ಪ್ರಯೋಗಾಲಯವನ್ನು ಸ್ಥಾಪಿಸಿದ್ದವು. ಅದೇ ಹಾದಿ ಇಲ್ಲಿಯೂ ಆಗಬಹುದೆಂದು ಶೋಪ್ಪರ್ ನಂಬಿದರು. ಆಗ ಯುನೆಸ್ಕೋದ ಮುಖ್ಯಸ್ಥರಾಗಿದ್ದವರು ಸ್ಪೇನಿನ ಫೆದೆರಿಕೊ ಮಯೋರ್. ಜೀವರಸಾಯನ ಶಾಸ್ತ್ರಜ್ಞರು, ಕವಿತೆಗಳನ್ನೂ ಬರೆದವರು. ಅವರು 1999ರ ಜೂನಿನಲ್ಲಿ ಪ್ಯಾರಿಸ್ಸಿನಲ್ಲಿ ಆ ಸೀಮೆಯ ಪ್ರತಿನಿಧಿಗಳ ಸಭೆ ಕರೆದರು. ಶೋಪ್ಪರರ ಅಧ್ಯಕ್ಷತೆಯಲ್ಲಿ ತಾತ್ಕಾಲಿಕ ಮಂಡಳಿಯೊಂದು ರೂಪುಗೊಂಡಿತು. 2002ರ ಮೇ ತಿಂಗಳಲ್ಲಿ ಯುನೆಸ್ಕೋದ ಕಾರ್ಯಕಾರಿ ಮಂಡಳಿ ಸರ್ವಾನುಮತದಿಂದ ಒಪ್ಪಿಗೆ ಕೊಟ್ಟಿತು. 2004ರಲ್ಲಿ ಸಂಸ್ಥೆ ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂತು.

ಮನೆ ಯಾರ ನೆಲದಲ್ಲಿ ಏಳಬೇಕೆಂಬ ಪ್ರಶ್ನೆ ಸಣ್ಣದಾಗಿರಲಿಲ್ಲ. ಯಾವ ದೇಶದ ವಿಜ್ಞಾನಿಯೇ ಆಗಲಿ ತಡೆಯಿಲ್ಲದೆ ಬಂದುಹೋಗುವಂತಿರಬೇಕು ಎಂಬುದು ಮುಖ್ಯವಾದ ಷರತ್ತು. ಜೋರ್ಡಾನ್ 1994ರಲ್ಲಿಯೇ ಇಸ್ರೇಲಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. ಅದು ಷರತ್ತಿಗೆ ಒಪ್ಪಿತು; ನೆಲವನ್ನೂ ಕಟ್ಟಡವನ್ನೂ ಒದಗಿಸಲು ಮುಂದೆ ಬಂತು. 2003ರ ಜನವರಿಯಲ್ಲಿ ದೊರೆ ಎರಡನೆಯ ಅಬ್ದುಲ್ಲಾ ಅವರೂ ಆಗ ಯುನೆಸ್ಕೋದ ಮುಖ್ಯಸ್ಥರಾಗಿದ್ದ ಜಪಾನಿನ ಕೊಯಿಚಿರೊ ಮತ್ಸೂರಾ ಅವರೂ ಸೇರಿ ಅಲ್ಲಾನಿನಲ್ಲಿ ಶಂಕುಸ್ಥಾಪನೆ ನೆರವೇರಿಸಿದರು. ಬರ್ಲಿನ್ನಿನ ಯಂತ್ರದ ಭಾಗಗಳು ಅಷ್ಟರೊಳಗೆ ಪೆಟ್ಟಿಗೆಗಳಲ್ಲಿ ಜೋರ್ಡಾನನ್ನು ತಲಪಿದ್ದವು. ಜೋರ್ಡಾನಿನ ಖಾಲೆದ್ ತೂಕಾನ್ ನಿರ್ದೇಶಕರಾಗಿ ಹೊಣೆ ಹೊತ್ತರು.

ಸದಸ್ಯರ ಪಟ್ಟಿಯನ್ನು ಓದಿದರೆ ಯಾರಿಗಾದರೂ ಸೋಜಿಗವಾದೀತು. ಸೈಪ್ರಸ್, ಈಜಿಪ್ಟ್, ಇರಾನ್, ಇಸ್ರೇಲ್, ಜೋರ್ಡಾನ್, ಪಾಕಿಸ್ತಾನ, ಪ್ಯಾಲೆಸ್ತೀನ್ ಪ್ರಾಧಿಕಾರ, ಟರ್ಕಿ: ಯಂತ್ರವನ್ನು ಪೂರೈಸಿದ ಎಂಟು ಸದಸ್ಯರು ಇವರು. ಬಹರೇನ್ ಮೊದಲಿಗೆ ಸೇರಿ ಅನಂತರ ಬಿಟ್ಟಿತು. ಇರಾನ್ ಮತ್ತು ಪಾಕಿಸ್ತಾನ ಇಸ್ರೇಲನ್ನು ರಾಷ್ಟ್ರವೆಂದು ಮನ್ನಿಸುವುದಿಲ್ಲ. ಟರ್ಕಿ ಸೈಪ್ರಸ್ ಗಣರಾಜ್ಯವನ್ನು ಮನ್ನಿಸುವುದಿಲ್ಲ. ಆದರೂ ಇವರೆಲ್ಲರ ಪ್ರತಿನಿಧಿಗಳು ಮಂಡಳಿಯ ಸಭೆಯಲ್ಲಿ ಕುಳಿತು ವರ್ಷದ ಆಯವ್ಯಯಕ್ಕೆ ಕೈ ಎತ್ತಬೇಕು. ಕಾಂತಗಳ ಅಳತೆ, ಬಿಲ್ಲುಗಳ ಪಾವತಿ, ತರಬೇತಿಗೆ ಯಾರನ್ನು ಕಳಿಸಬೇಕೆಂಬ ತೀರ್ಮಾನ, ಇಂಥ ಸಾಮಾನ್ಯ ವಿಷಯಗಳೇ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಸಾಮಾನ್ಯ ವಿಷಯಗಳನ್ನು ವೈರಿಯೊಡನೆ ಚರ್ಚಿಸುವುದು ಎಷ್ಟು ಅಸಾಮಾನ್ಯವೆಂಬುದು ಯೋಚಿಸಿದರೆ ಹೊಳೆಯುತ್ತದೆ.

ಮೊದಲ ವರ್ಷಗಳಲ್ಲಿಯೇ ಒಂದು ದಿಟ್ಟ ನಿರ್ಧಾರವಾಯಿತು. ಬರ್ಲಿನ್ನಿನ ಯಂತ್ರದ ಶಕ್ತಿ 80 ಕೋಟಿ ಎಲೆಕ್ಟ್ರಾನ್ ವೋಲ್ಟು ಮಾತ್ರ. ಅದನ್ನೇ ತುಸು ಬೆಳಸಿ ಇಟ್ಟುಕೊಂಡರೆ ವೆಚ್ಚವೇನೋ ಕಡಮೆ. ಆದರೆ ಒಳ್ಳೆಯ ವಿಜ್ಞಾನಿಗಳು ಅದನ್ನು ನೆಚ್ಚಿ ಬರುವುದಿಲ್ಲ. ಎರಡನೆಯ ದರ್ಜೆಯ ಯಂತ್ರವನ್ನು ಇಟ್ಟುಕೊಂಡು ಪ್ರತಿಭೆಯ ವಲಸೆಯನ್ನು ತಡೆಯಲಾಗದು. ಆದ್ದರಿಂದ ಹಳೆಯ ಮನೆಯ ತೊಲೆ ಕಂಬಗಳನ್ನು ಹೊಸ ಮನೆಗೆ ಒದಗಿಸಿಕೊಳ್ಳುವಂತೆ, ದಾನದ ಯಂತ್ರವನ್ನು ಕಣಗಳಿಗೆ ಮೊದಲ ವೇಗ ಕೊಡುವ ಅಂಗವಾಗಿ ಮಾತ್ರ ಬಳಸಿ, ಸುಮಾರು 133 ಮೀಟರ್ ಸುತ್ತಳತೆಯ ಹೊಸ ಬಳೆಯನ್ನೇ ಕಟ್ಟಬೇಕೆಂದು ಗೊತ್ತುಮಾಡಿದರು. ಆಸೆ ದೊಡ್ಡದಾಯಿತು, ಹಣದ ಚೀಲ ಹಿಂದಿನಷ್ಟೇ ಇತ್ತು. ಕಟ್ಟಡ 2008ರಲ್ಲಿ ಸಿದ್ಧವಾದರೂ ಬಳೆಗೆ ಬೇಕಾದ ಕಾಂತಗಳಿಗೆ ಹಣ ಹೊಂದದೆ ವರ್ಷಗಳು ಉರುಳಿದವು.

ಇದರ ನಡುವೆ ರಕ್ತವೂ ಹರಿಯಿತು. ಇರಾನಿನ ಪರವಾಗಿ ಸೆಸಮಿಯ ಕೆಲಸದಲ್ಲಿ ಪಾಲ್ಗೊಳ್ಳುತ್ತಿದ್ದ ಇಬ್ಬರು ವಿಜ್ಞಾನಿಗಳು, ಮಸೂದ್ ಅಲಿಮೊಹಮ್ಮದಿ 2010ರ ಜನವರಿಯಲ್ಲಿ, ಮಜೀದ್ ಶಹ್ರಿಯಾರಿ ಅದೇ ವರ್ಷದ ನವೆಂಬರಿನಲ್ಲಿ, ತೆಹ್ರಾನಿನಲ್ಲಿ ಬಾಂಬಿಗೆ ಬಲಿಯಾದರು. ಇರಾನ್ ಇಸ್ರೇಲಿನ ಮೇಲೆ ಆಪಾದನೆ ಹೊರಿಸಿತು. ಸೆಸಮಿಯ ಮೇಜಿನ ಬಳಿ ಕುಳಿತವರ ಸ್ಥಿತಿ ಆಗ ಹೇಗಿದ್ದಿರಬೇಕು! ಎದ್ದುಹೋಗಲು ಇದಕ್ಕಿಂತ ಬಲವಾದ ಕಾರಣ ಬೇಕಿತ್ತೆ? ಇರಾನ್ ಎದ್ದುಹೋಗಲಿಲ್ಲ. 2012ರಲ್ಲಿ ಇರಾನ್, ಇಸ್ರೇಲ್, ಜೋರ್ಡಾನ್, ಟರ್ಕಿ ಈ ನಾಲ್ಕೂ ತಲಾ 50 ಲಕ್ಷ ಡಾಲರನ್ನು ಸ್ವಇಚ್ಛೆಯಿಂದ ಕೊಡುವುದಾಗಿ ವಾಗ್ದಾನ ಮಾಡಿದವು. ಆರ್ಥಿಕ ದಿಗ್ಬಂಧನದ ಕಾರಣ ಬ್ಯಾಂಕುಗಳ ಮೂಲಕ ಹಣ ಕಳಿಸಲು ಇರಾನಿಗೆ ದಾರಿ ಸಿಗದೆ ಹೋದದ್ದು ಬೇರೆ ಮಾತು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಸರ್ನಿನ ಇನ್ನೊಬ್ಬ ಮಾಜಿ ಮಹಾನಿರ್ದೇಶಕ ಕ್ರಿಸ್ ಲೆವೆಲಿನ್ ಸ್ಮಿತ್. ಯೂರೋಪ್ ಒಕ್ಕೂಟ 50 ಲಕ್ಷ ಯೂರೋಗಳನ್ನು ಕಾಂತಗಳಿಗೆಂದು ಕೊಟ್ಟಿತು. ಅವನ್ನು ಮಾಡಿಸುವ ಹೊಣೆಯನ್ನು ಸರ್ನ್ ಹೊತ್ತಿತು. ಎಲ್ಲವನ್ನೂ ಯೂರೋಪಿನಲ್ಲಿಯೇ ಮಾಡಿಸದೆ ಕೆಲವು ಭಾಗಗಳನ್ನು ಪಾಕಿಸ್ತಾನ, ಟರ್ಕಿ, ಸೈಪ್ರಸ್‌ಗಳ ಕಾರ್ಖಾನೆಗಳಿಗೆ ವಹಿಸಿ ಅಲ್ಲಿನವರಿಗೂ ವಿದ್ಯೆ ಕಲಿಸಿದ್ದು ಗಮನಿಸತಕ್ಕ ಸಂಗತಿ. ಇಟಲಿಯೂ ಕೈ ನೀಡಿತು.

ಮನುಷ್ಯರು ಕೊಟ್ಟ ಕಷ್ಟ ಸಾಲದೆಂಬಂತೆ ಪ್ರಕೃತಿಯೂ ತನ್ನ ಪಾಲನ್ನು ಸಲ್ಲಿಸಿತು. 2013ರ ಡಿಸೆಂಬರಿನಲ್ಲಿ ಜೋರ್ಡಾನಿನಲ್ಲಿ ಎಂದೂ ಕಾಣದಂಥ ಹಿಮ ಸುರಿದು, ಅದರ ಭಾರಕ್ಕೆ ಕಟ್ಟಡದ ಚಾವಣಿ ಕುಸಿದುಬಿತ್ತು. ಪುಣ್ಯಕ್ಕೆ ಒಳಗಿನ ಉಪಕರಣಗಳು ಹೆಚ್ಚಿನ ಹಾನಿಯಿಲ್ಲದೆ ಉಳಿದವು. ಅಲ್ಲಿನ ತಂತ್ರಜ್ಞರು ಕೆಲಸ ನಿಲ್ಲಿಸಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಹಳೆಯ ಅಂಗದಲ್ಲಿ ಎಲೆಕ್ಟ್ರಾನುಗಳನ್ನು 80 ಕೋಟಿ ವೋಲ್ಟಿನ ಶಕ್ತಿಗೆ ಮುಟ್ಟಿಸಿದರು. 2017ರ ಜನವರಿಯಲ್ಲಿ ಹೊಸ ಬಳೆಯಲ್ಲಿ ಎಲೆಕ್ಟ್ರಾನುಗಳು ಮೊದಲ ಬಾರಿಗೆ ಸುತ್ತು ಬಂದವು. ಅದೇ ವರ್ಷ ಮೇ 16ರಂದು ದೊರೆ ಅಬ್ದುಲ್ಲಾ ಅವರು ಸೆಸಮಿಯನ್ನು ಉದ್ಘಾಟಿಸಿದರು. ನವೆಂಬರಿನಲ್ಲಿ ಮೊದಲ ಕಿರಣ ಪ್ರಯೋಗದ ಕೋಣೆಯನ್ನು ತಲಪಿತು. 2018ರ ಬೇಸಗೆಯಲ್ಲಿ ಸಂಶೋಧಕರು ಬಂದು ದುಡಿಯತೊಡಗಿದರು. ಮೊದಲಿಗೆ ಬಂದವರಲ್ಲಿ ಪುರಾತನ ಮಾನವರ ಅವಶೇಷಗಳನ್ನು ಅಭ್ಯಾಸ ಮಾಡುವ ಸೈಪ್ರಸ್ಸಿನ ತಂಡವೂ ಇತ್ತು.

ಇಂಥ ಯಂತ್ರಕ್ಕೆ ವಿದ್ಯುತ್ತಿನ ಹಸಿವು ಬಹಳ. ಜೋರ್ಡಾನಿನಲ್ಲಿ ಎಣ್ಣೆಯಿಲ್ಲ, ಕಟ್ಟುವ ಕಾಲಕ್ಕೆ ವಿದ್ಯುತ್ತಿನ ಬೆಲೆ ಹಲವು ಪಟ್ಟು ಏರಿತ್ತು. ಯಂತ್ರವನ್ನು ಕಟ್ಟಿ ನಡೆಸಲಾಗದೆ ಬೀಗ ಹಾಕಬೇಕಾದೀತೆಂಬ ಭಯ ನಿಜವಾಗಿಯೇ ಇತ್ತು. ಅದಕ್ಕೆ ಆ ನಾಡಿನ ಬಿಸಿಲೇ ಪರಿಹಾರವಾಯಿತು. ಸುಮಾರು 6.5 ಮೆಗಾವಾಟಿನ ಸೌರವಿದ್ಯುತ್ ಕೇಂದ್ರವೊಂದು 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ಹೀಗೆ ಪೂರ್ತಿಯಾಗಿ ಸೂರ್ಯನ ಬಲದಿಂದ ತನ್ನ ವಿದ್ಯುತ್ತನ್ನು ಹೊಂದಿಸಿಕೊಂಡ ಮೊದಲ ದೊಡ್ಡ ವೇಗವರ್ಧಕ ಕೇಂದ್ರವೆಂಬ ಹಿರಿಮೆ ಸೆಸಮಿಯದು. ಆಮೇಲೆ ಒಂದೊಂದಾಗಿ ಹೊಸ ಕಿರಣಶಾಖೆಗಳು ಸೇರಿದವು. ಅವುಗಳಲ್ಲಿ ಕೆಲವಕ್ಕೆ ಫ್ರಾನ್ಸಿನ ಗ್ರೆನೋಬಲ್, ಸ್ವಿಟ್ಜರ್ಲೆಂಡ್ ಮೊದಲಾದೆಡೆ ದುಡಿದು ನಿವೃತ್ತವಾದ ಸಲಕರಣೆಗಳೇ ಆಧಾರ; 2022ರಲ್ಲಿ ಜರ್ಮನಿಯ, 2023ರಲ್ಲಿ ಯೂರೋಪ್ ಒಕ್ಕೂಟದ ನೆರವಿನಿಂದ ಎರಡು ಹೊಚ್ಚಹೊಸ ಶಾಖೆಗಳು ತೆರೆದವು. ವಿಜ್ಞಾನ ಸಲಹಾ ಸಮಿತಿಯನ್ನು ವರ್ಷಗಟ್ಟಲೆ ನಡೆಸಿದ ಟರ್ಕಿಯ ಜೀವವಿಜ್ಞಾನಿ ಜೆಹ್ರಾ ಸಾಯರ್ಸ್, ಶೋಪ್ಪರ್, ಲೆವೆಲಿನ್ ಸ್ಮಿತ್, ರಬಿನೋವಿಚಿ, ತೂಕಾನ್ ಈ ಐವರಿಗೆ 2019ರಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘ ಒಂದು ಗೌರವ ಪ್ರಶಸ್ತಿಯನ್ನು ಕೊಟ್ಟಿತು.

ಇಷ್ಟು ಚರಿತ್ರೆ. ಇನ್ನು ಇದರ ಬೆಲೆಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಸುಲಭವಾದ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸತ್ಯಕ್ಕೆ ದ್ರೋಹವಾದೀತು. ಸೆಸಮಿ ಆ ಸೀಮೆಗೆ ಶಾಂತಿಯನ್ನು ತಂದಿಲ್ಲ. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಹಳ್ಳಿಗಳಲ್ಲಿ ನಡೆದ ಕೊಲೆ, ಅದರ ಹಿಂದೆಯೇ ಗಾಜಾದ ಮೇಲೆ ಎರಗಿದ ಯುದ್ಧ, ಅದರಲ್ಲಿ ಮಡಿದ ಸಹಸ್ರಾರು ಮಕ್ಕಳು, ಮಣ್ಣುಪಾಲಾದ ಅಲ್ಲಿನ ವಿಶ್ವವಿದ್ಯಾಲಯಗಳು, ಇವುಗಳನ್ನು ಯಾವ ಯಂತ್ರವೂ ತಡೆಯಲಿಲ್ಲ. 2025ರ ಜೂನಿನಲ್ಲಿ ಇಸ್ರೇಲ್ ಮತ್ತು ಇರಾನ್ ನೇರವಾಗಿಯೇ ಕಾದಾಡಿದವು. ಇರಾನಿನ ವಿಜ್ಞಾನಿಗಳು ಹತರಾದರು, ಇಸ್ರೇಲಿನ ಹೆಸರಾಂತ ವೈಜ್ಮನ್ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳ ಮೇಲೆ ಕ್ಷಿಪಣಿ ಬಿತ್ತು. ಒಂದೇ ಮಂಡಳಿಯ ಇಬ್ಬರು ಸದಸ್ಯರು ಹೀಗೆ ಒಬ್ಬರ ವಿದ್ಯೆಯನ್ನೊಬ್ಬರು ಗುರಿಯಿಟ್ಟು ಹೊಡೆಯುವಾಗ, ವಿಜ್ಞಾನದಿಂದ ಸೌಹಾರ್ದ ಬೆಳೆಯುತ್ತದೆಂಬ ಮಾತು ಬರಿಯ ಸಭಾಭೂಷಣವೆಂದು ಕೆಲವರಿಗೆ ಅನ್ನಿಸಿದರೆ ತಪ್ಪೇನು? ಇನ್ನೂ ಕಟುವಾಗಿ ಹೇಳುವವರಿದ್ದಾರೆ: ಅನ್ಯಾಯ ಹಾಗೆಯೇ ಇರುವಾಗ ಒಟ್ಟಿಗೆ ಕೂತು ಪ್ರಯೋಗ ಮಾಡುವುದು ಅನ್ಯಾಯಕ್ಕೆ ಪರದೆ ಹಾಕಿದಂತೆ ಎನ್ನುತ್ತಾರೆ. ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು.

ಆದರೂ ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೆಲವು ಸಂಗತಿಗಳಿವೆ. ಇದನ್ನು ಕಟ್ಟಿದವರು ತಾವು ಶಾಂತಿದೂತರೆಂದು ಹೇಳಿಕೊಳ್ಳಲು ಹೊರಟವರಲ್ಲ. ಅವರಿಗೆ ಮೊದಲು ಬೇಕಾದದ್ದು ಒಳ್ಳೆಯ ವಿಜ್ಞಾನ; ಅದು ಅವರವರ ನಾಡಿನಲ್ಲಿಯೇ ಆಗಬೇಕೆಂಬ ಸ್ವಾಭಿಮಾನ. ಯಂತ್ರ ಏಳುವ ಮೊದಲೇ ನೂರಾರು ತರುಣ ತರುಣಿಯರನ್ನು ಹೊರದೇಶಗಳ ಪ್ರಯೋಗಾಲಯಗಳಿಗೆ ಕಳಿಸಿ ತರಬೇತಿ ಕೊಡಿಸಿದರು. ಕಿರಣದ ಹೊತ್ತು ಯಾರಿಗೆ ದೊರೆಯಬೇಕೆಂಬುದನ್ನು ಅರ್ಜಿಯ ಗುಣ ನೋಡಿ ತಜ್ಞರ ಸಮಿತಿ ನಿರ್ಧರಿಸುತ್ತದೆ. ಕಣಗಳು ಬಳೆಯಲ್ಲಿ ಹಗಲೂ ರಾತ್ರಿ ತಿರುಗುತ್ತಿರುವಾಗ ಪ್ರಯೋಗಕ್ಕೆ ಬಂದವರೂ ಸರದಿಯಂತೆ ಎಚ್ಚರವಿರಬೇಕಾಗುತ್ತದೆ. ಕಡುರಾತ್ರಿಯಲ್ಲಿ ಪಕ್ಕದ ಕೋಣೆಯವನಲ್ಲಿ ಒಂದು ಉಪಕರಣ ಕೇಳಬೇಕಾದವನು ಆತನ ಪಾಸ್‌ಪೋರ್ಟಿನ ಬಣ್ಣ ನೋಡುತ್ತ ನಿಲ್ಲಲಾರ. ಯುದ್ಧ ಅವರನ್ನು ಬರದಂತೆ ತಡೆಯಬಹುದು. ಆದರೆ ಒಮ್ಮೆ ಪರಸ್ಪರ ಕಂಡ ಮುಖವನ್ನು ಮತ್ತೆ ಕಾಣದಂತೆ ಅಳಿಸಿಬಿಡುವುದು ಯುದ್ಧಕ್ಕೂ ಕಷ್ಟ. ರಾಜಕಾರಣಿಗಳ ಒಪ್ಪಂದಗಳಲ್ಲಿ ಎಷ್ಟೋ ಮುರಿದುಬಿದ್ದಿವೆ. ಓಸ್ಲೋ ಒಪ್ಪಂದದ ಆಸೆ ಬಾಡಿಹೋಗಿ ಬಹುಕಾಲವಾಯಿತು; ಅದೇ ಆಸೆಯ ಕಾಲದಲ್ಲಿ ಗುಡಾರದಡಿ ಕೂತವರು ನೆಟ್ಟದ್ದು ಮಾತ್ರ ಬೇರುಬಿಟ್ಟು ನಿಂತಿತು.

ಅಲ್ಲಾನಿನಲ್ಲಿ ದೂರದಿಂದ ಬಂದ ಸಂಶೋಧಕರು ಇಳಿದುಕೊಳ್ಳಲು ಒಂದು ಅತಿಥಿಗೃಹವಿದೆ. ಇಟಲಿಯ ನೆರವಿನಿಂದ ಕಟ್ಟಿ 2019ರ ಕೊನೆಗೆ ತೆರೆದ ಅದಕ್ಕೆ ಸೆರ್ಜಿಯೊ ಫೂಬಿನಿಯವರ ಹೆಸರನ್ನು ಇಟ್ಟಿದ್ದಾರೆ. ಫೂಬಿನಿ 2005ರಲ್ಲಿಯೇ ತೀರಿಕೊಂಡರು. ಬಳೆಯನ್ನಾಗಲಿ ಬೆಳಕನ್ನಾಗಲಿ ಅವರು ಕಾಣಲಿಲ್ಲ. ಅಲ್ಲಿಂದ ಸುಮಾರು 30 ಕಿಲೊಮೀಟರ್ ಹೋದರೆ ಜೋರ್ಡಾನ್ ನದಿ, ಅದರ ಮೇಲೆ ಸೇತುವೆ, ಸೇತುವೆಯಾಚೆ ಕಾವಲುಗಾರರು. ಆ ಸೇತುವೆ ಒಮ್ಮೊಮ್ಮೆ ಮುಚ್ಚುತ್ತದೆ, ಒಮ್ಮೊಮ್ಮೆ ತೆರೆಯುತ್ತದೆ. ತೆರೆದ ದಿನ ದಾಟಿ ಬಂದವರು ರಾತ್ರಿ ತಂಗಲು ಒಂದು ಮನೆಯನ್ನು ಅವರ ನೆರೆಹೊರೆಯವರೇ ಸೇರಿ ಕಟ್ಟಿಟ್ಟಿದ್ದಾರೆ. ಇಷ್ಟನ್ನು ತಮ್ಮ ಗಮನಕ್ಕೆ ತರುವುದೇ ನನ್ನ ಉದ್ದೇಶವಾಗಿತ್ತು.